ಹಿಂದೆ ಉಳಿಯುವವರೂ ಗುಂಪನ್ನು ಎಳೆಯುತ್ತಾರೆ

ಪ್ರಶ್ನೆ: ಕುಂದವಾಡ ಕೆರೆಯ ಏರಿ ಮೇಲೆ ಒಬ್ಬನೇ ಓಡುವಾಗ ಎರಡು ಕಿಲೋಮೀಟರ್‌ಗೇ ಮನಸ್ಸು ಸಾಕು ಅನ್ನುತ್ತದೆ. ಈಚೆಗೆ ಒಂದು ಹೊಸ ಗುಂಪಿನ ಜೊತೆ ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕಡೆಯ ಗುಡ್ಡದ ಕಾಲುದಾರಿಗಳಲ್ಲಿ ಓಡಲು ಹೋಗುತ್ತಿದ್ದೇನೆ. ಅಲ್ಲಿ ಏಳೆಂಟು ಕಿಲೋಮೀಟರ್ ಆದದ್ದೇ ಗೊತ್ತಾಗುವುದಿಲ್ಲ. ಕಾಲು ಅದೇ, ಉಸಿರು ಅದೇ. ಈ ಶಕ್ತಿ ಎಲ್ಲಿಂದ ಬರುತ್ತದೆ? ಇನ್ನೊಂದು ಮಾತು: ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವನು ನಾನೇ. ಅವರಿಗೆ ಹೊರೆಯಾಗುತ್ತಿದ್ದೇನೆಯೇ?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ, ಹೊರೆಯಲ್ಲ. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಶಕ್ತಿಯ ವಿಚಾರ.

ಶಕ್ತಿ ಹೊಸದಾಗಿ ಎಲ್ಲಿಂದಲೂ ಬಂದಿಲ್ಲ. ಒಬ್ಬರೇ ಓಡುವಾಗ ಕಾಲು ಸೋಲುವುದಕ್ಕೆ ಬಹಳ ಮುಂಚೆಯೇ ನೀವು ನಿಲ್ಲುತ್ತಿದ್ದೀರಿ, ಅಷ್ಟೆ. ನಿಂತರೆ ಕೇಳುವವರಿಲ್ಲ. ಏರಿ ಮೇಲೆ ವಾಕಿಂಗ್ ಬಂದವರು ತಮ್ಮ ಪಾಡಿಗೆ ತಾವು ಹೋಗುತ್ತಾರೆ.

ಇದನ್ನು ನೂರು ವರ್ಷದ ಹಿಂದೆಯೇ ಒಬ್ಬರು ಅಳೆದು ನೋಡಿದ್ದಾರೆ. 1920ರ ದಶಕದಲ್ಲಿ ಓಟೋ ಕೋಲರ್ ಎಂಬ ಜರ್ಮನ್ ಮನಃಶಾಸ್ತ್ರಜ್ಞ ಬರ್ಲಿನ್ನಿನ ದೋಣಿ ಕ್ಲಬ್ಬಿನ ಹುಡುಗರ ಕೈಗೆ ಭಾರ ಕೊಟ್ಟು, ಸುಸ್ತಾಗುವವರೆಗೆ ಎತ್ತಿಸಿದರು. ಮೊದಲು ಒಬ್ಬೊಬ್ಬರಾಗಿ. ಆಮೇಲೆ ಇಬ್ಬರಿಗೆ ಸೇರಿಸಿ ಎರಡರಷ್ಟು ಭಾರ. ಒಬ್ಬ ಕೈಬಿಟ್ಟರೆ ಇನ್ನೊಬ್ಬನಿಗೂ ಎತ್ತಲಾಗದು. ಜೋಡಿಯಲ್ಲಿದ್ದಾಗ ಬಲ ಕಡಿಮೆ ಇದ್ದ ಹುಡುಗ, ತಾನೊಬ್ಬನೇ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ತಾಳಿಕೊಂಡ. ತನ್ನಿಂದ ಇನ್ನೊಬ್ಬನ ಆಟ ಕೆಡಬಾರದು ಎಂಬ ಹಟ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಕಂಡಿತು: ಇಬ್ಬರೂ ಸರಿಸಮ ಇದ್ದರೆ ಲಾಭ ಅಷ್ಟಿಲ್ಲ, ಅಂತರ ತೀರಾ ದೊಡ್ಡದಾದರೂ ಇಲ್ಲ. ಜೊತೆಗಾರ ನಮಗಿಂತ ಸ್ವಲ್ಪ ಮುಂದಿದ್ದರೆ ಹೆಚ್ಚು ಲಾಭ. ನಮ್ಮೂರಿನ ಗರಡಿಮನೆಗಳಲ್ಲಿ ಸಾಮು ಮಾಡಿದವರಿಗೆ ಇದು ಹೊಸದೇನಲ್ಲ. ಹುಡುಗನಿಗೆ ಜೋಡಿ ಯಾರು ಎಂಬುದನ್ನು ಉಸ್ತಾದರು ನೋಡಿಯೇ ಗೊತ್ತುಮಾಡುತ್ತಾರೆ.

ದಾವಣಗೆರೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಿಲ್ಲ, ಕೊಟ್ಟೂರು ಪಾದಯಾತ್ರೆಯೇ ಇದೆ. ಗುರುಬಸವೇಶ್ವರರ ರಥೋತ್ಸವಕ್ಕೆ ಪ್ರತಿ ವರ್ಷ ಇಲ್ಲಿಂದ ಸಾವಿರಾರು ಜನ ನಡೆದು ಹೋಗುತ್ತಾರೆ. ಉಳಿದ ದಿನಗಳಲ್ಲಿ ಪಕ್ಕದ ಬೀದಿಯ ಅಂಗಡಿಗೂ ಸ್ಕೂಟರ್ ಹತ್ತುವವರು ಅವರಲ್ಲಿ ಎಷ್ಟು ಮಂದಿ! ಭಕ್ತಿ ಇದೆ, ನಿಜ. ದಾರಿಯಲ್ಲಿ ಊಟ-ನೀರು ಕೊಡುವ ಕೈಗಳೂ ಇವೆ. ಆದರೆ ಅದೇ ಭಕ್ತರನ್ನು ಅದೇ ದಾರಿಯಲ್ಲಿ ಒಬ್ಬೊಬ್ಬರನ್ನಾಗಿ ನಡೆಯಲು ಬಿಟ್ಟರೆ ಎಷ್ಟು ಜನ ಕೊಟ್ಟೂರು ಮುಟ್ಟುತ್ತಾರೆ ಎಂದು ನನಗಂತೂ ಅನುಮಾನ.

ಜೊತೆಯಲ್ಲಿದ್ದರೆ ನೋವಿನ ಲೆಕ್ಕವೂ ಬದಲಾಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅಲ್ಲಿನ ದೋಣಿ ತಂಡದ ಹುಡುಗರು ವ್ಯಾಯಾಮದ ಯಂತ್ರದ ಮೇಲೆ ಒಂದು ಸಲ ಒಬ್ಬೊಬ್ಬರೇ, ಇನ್ನೊಂದು ಸಲ ತಂಡವಾಗಿ ಹುಟ್ಟು ಹಾಕಿದರು. ಪಟ್ಟ ಶ್ರಮ ಎರಡೂ ಸಲ ಅಷ್ಟೇ. ಆದರೆ ತಂಡವಾಗಿ ಮಾಡಿದ ಮೇಲೆ ನೋವು ತಾಳುವ ಶಕ್ತಿ ಹೆಚ್ಚಾಗಿತ್ತು. ಮೆದುಳಿನ ಎಂಡಾರ್ಫಿನ್ ಇದಕ್ಕೆ ಕಾರಣವಿರಬೇಕು ಎಂಬುದು ಅವರ ಊಹೆ. ಓಟ ಮುಗಿದ ಮೇಲೆ ಬೆಣ್ಣೆ ದೋಸೆ ಮುಂದೆ ಕೂತು ನಿಮ್ಮ ಗುಂಪು ಅಷ್ಟೊಂದು ನಗುವುದಕ್ಕೂ ಇದೇ ಕಾರಣವಿದ್ದೀತು. (ಓಡಿ ಕರಗಿಸಿದ್ದು ಎರಡನೆಯ ದೋಸೆಗೆ ವಾಪಸ್ ಬರುತ್ತದೆ ಎಂಬುದನ್ನು ಇಲ್ಲಿ ಚರ್ಚಿಸುವುದು ಬೇಡ.)

ಇಷ್ಟೆಲ್ಲ ಒಳ್ಳೆಯದನ್ನೇ ಹೇಳಿದ ಮೇಲೆ ಒಂದು ಎಚ್ಚರಿಕೆ. ಅಮೆರಿಕದ ರಾಬರ್ಟ್ ಝಯಾನ್ಸ್ 1969ರಲ್ಲಿ ಜಿರಲೆಗಳನ್ನು ಓಡಿಸಿ ನೋಡಿದರು. ಹೌದು, ಜಿರಲೆಗಳನ್ನೇ. ನೇರ ದಾರಿಯಲ್ಲಿ ಬೇರೆ ಜಿರಲೆಗಳು ನೋಡುತ್ತಿದ್ದರೆ ಅವು ಬೇಗ ಓಡಿದವು. ತಿರುವು ಇದ್ದು ದಾರಿ ಹುಡುಕಬೇಕಾದಲ್ಲಿ, ಸುತ್ತ ಜೊತೆಯವು ಇದ್ದರೆ ಇನ್ನಷ್ಟು ತಡವಾಯಿತು. ಮೈಗೆ ಒಗ್ಗಿದ ಕೆಲಸವನ್ನು ನಾಲ್ಕು ಜನರ ಮುಂದೆ ಚೆನ್ನಾಗಿ ಮಾಡುತ್ತೇವೆ; ಇನ್ನೂ ಕಲಿಯುತ್ತಿರುವುದನ್ನು ಕೆಡಿಸಿಕೊಳ್ಳುತ್ತೇವೆ. ಈ ಮಾತು ಮನುಷ್ಯರಿಗೂ ಒಪ್ಪುತ್ತದೆ.

ನಿಮಗೆ ಇದು ಯಾಕೆ ಮುಖ್ಯವೆಂದರೆ, ಟಾರು ರಸ್ತೆಯ ಓಟ ಒಗ್ಗಿದ ಕೆಲಸ, ಗುಡ್ಡದ ಓಟ ಹಾಗಲ್ಲ. ಅಲ್ಲಿ ಒಂದೊಂದು ಹೆಜ್ಜೆಗೂ ಒಂದು ತೀರ್ಮಾನ ಬೇಕು: ಈ ಕಲ್ಲು ಗಟ್ಟಿಯೋ ಉರುಳುವುದೋ, ಒಣ ಹುಲ್ಲಿನಡಿ ಗುಂಡಿ ಇದೆಯೋ. ಏರುವಾಗ ಗುಂಪು ಎಳೆದರೆ ಎಳೆಯಲಿ, ಉಸಿರು ಸಿಕ್ಕಿಕೊಂಡರೆ ತಾನಾಗಿ ನಿಲ್ಲುತ್ತೀರಿ. ಇಳಿಯುವಾಗ ಮಾತ್ರ ಯಾರ ಹಿಂದೆಯೂ ಬೀಳಬೇಡಿ. ಮುಂದಿನವರ ವೇಗ ನೋಡಿ ಕಾಲು ಬಿಟ್ಟರೆ ಪಾದ ಹೊರಳುವುದು ಅಲ್ಲೇ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕಾಗುವುದರಿಂದ ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವಾಗ ಅಯ್ಯೋ ಅನ್ನಿಸುತ್ತದೆ. ಅದು ಸಹಜ, ಕೆಲವು ವಾರಗಳಲ್ಲಿ ಒಗ್ಗುತ್ತದೆ. ಮಂಡಿ ಊದಿದರೆ ಅಥವಾ ಒಂದೇ ಕಡೆ ಚುಚ್ಚುವ ನೋವು ಬಂದರೆ ಸಹಜವಲ್ಲ, ವೈದ್ಯರಿಗೆ ತೋರಿಸಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. 2017ರಲ್ಲಿ ಸಿನಾನ್ ಅರಲ್ ಮತ್ತು ಕ್ರಿಸ್ಟೋಸ್ ನಿಕೊಲೈಡಿಸ್ ಎಂಬಿಬ್ಬರು ಸುಮಾರು 11 ಲಕ್ಷ ಓಟಗಾರರ ಐದು ವರ್ಷಗಳ ದಾಖಲೆ ಜಾಲಾಡಿದರು. ಗೆಳೆಯ ಓಡಿದ್ದರಿಂದ ನಾವು ಓಡಿದೆವೋ, ಓಡುವವರೇ ಗೆಳೆಯರಾದರೋ ಎಂದು ಬೇರ್ಪಡಿಸುವುದು ಕಷ್ಟ. ಅದಕ್ಕೆ ಅವರು ಮಳೆಯ ಮೊರೆಹೋದರು. ಗೆಳೆಯನ ಊರಿನಲ್ಲಿ ಮಳೆ ಬಂದು ಅವನು ಮನೆಯಲ್ಲೇ ಕುಳಿತ ದಿನ, ಬಿಸಿಲಿದ್ದ ಊರಿನ ಇವನ ಓಟವೂ ಕಡಿಮೆಯಾಗಿತ್ತು! ಅಂದರೆ ಓಟ ಅಂಟುತ್ತದೆ. ಯಾರಿಂದ ಯಾರಿಗೆ ಎಂಬುದೇ ಸ್ವಾರಸ್ಯ. ಹೆಚ್ಚು ಓಡುವವರನ್ನು ನೋಡಿ ಕಡಿಮೆ ಓಡುವವರು ಎದ್ದು ಹೊರಟದ್ದಕ್ಕಿಂತ, ಕಡಿಮೆ ಓಡುವವರು ಹಿಂದಿನಿಂದ ಬರುತ್ತಿದ್ದಾರೆಂದು ಹೆಚ್ಚು ಓಡುವವರು ಇನ್ನಷ್ಟು ಓಡಿದ್ದೇ ಜಾಸ್ತಿ. ನಿಮ್ಮ ಗುಂಪಿನಲ್ಲಿ ಮುಂದೆ ಓಡುವವರು ಪ್ರತಿ ಭಾನುವಾರ ಬೇಗ ಏಳುವುದರಲ್ಲಿ ನಿಮ್ಮ ಪಾಲೂ ಇದೆ.

ಹಾಗಂತ ಎಲ್ಲ ಗುಂಪೂ ಒಳ್ಳೆಯದಲ್ಲ. ಕೊನೆಯವರು ಬರುವ ಮುಂಚೆ ಫೋಟೋ ಹೊಡೆದು ಕಾರು ಹತ್ತುವ ಗುಂಪು ಗುಡ್ಡಕ್ಕೆ ನಾಲಾಯಕ್ಕು. ಅನುಭವಿಯೊಬ್ಬರು ಪಾಳಿಯ ಮೇಲೆ ಕಟ್ಟಕಡೆಗೆ ಓಡಬೇಕು, ದಾರಿ ಕವಲಾದಲ್ಲೆಲ್ಲ ಮುಂದಿನವರು ನಿಲ್ಲಬೇಕು. ಇದು ಬರೀ ಸೌಜನ್ಯವಲ್ಲ, ಜೀವದ ಪ್ರಶ್ನೆ. ಕುರುಚಲು ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಹಾವೂ ಉಂಟು. ಅರಣ್ಯ ಇಲಾಖೆಯ ಜಾಗಕ್ಕೆ ಕೇಳಿಯೇ ಕಾಲಿಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವಂತೂ ಕೊಂಡುಕುರಿಗಳಿಗೆಂದೇ ಮೀಸಲಾದ ವನ್ಯಧಾಮ. ಅಲ್ಲಿ ಓಡುವ ಯೋಚನೆ ಯಾರಾದರೂ ಎತ್ತಿದರೆ ನೀವೇ ಬೇಡವೆನ್ನಿ.

ಕುಂದವಾಡ ಕೆರೆಯನ್ನು ಬಿಡಬೇಡಿ. ವಾರದ ನಡುವೆ ಎರಡು ದಿನ ಅಲ್ಲಿ ಓಡಿ, ಆದರೆ ಗುಂಪಿನಲ್ಲಿ ನಿಮಗಿಂತ ತುಸು ಮುಂದಿರುವ ಒಬ್ಬರನ್ನು ಕರೆದುಕೊಂಡು. ವೇಗ ಎಷ್ಟಿರಬೇಕೆಂದರೆ ಇಬ್ಬರಿಗೂ ಮಾತಾಡಿಕೊಂಡು ಓಡಲು ಆಗಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ ಎಂಬ ದೀರ್ಘದೂರದ ಓಟದ ಮಾತು ನಿಮ್ಮ ಗುಂಪಿನಲ್ಲಿ ಬಂದೇ ಬರುತ್ತದೆ. ಹುರುಪಿನಲ್ಲಿ ಈ ವರ್ಷವೇ ಹೆಸರು ಕೊಡಬೇಡಿ, ಮುಂದಿನ ವರ್ಷ ನೋಡೋಣ. ಸದ್ಯಕ್ಕೆ ಬುಧವಾರ ಬೆಳಿಗ್ಗೆ ಕೆರೆ ಏರಿಗೆ ಬರುತ್ತೀರಾ ಎಂದು ಆ ಒಬ್ಬರಿಗೆ ಇವತ್ತೇ ಫೋನ್ ಮಾಡಿ.