ಹೊಳೆಯ ಎರಡು ದಡ, ಒಂದೇ ಲೆಕ್ಕ



ವಯನಾಡಿನ ಪೆರಿಕಲ್ಲೂರಿನಲ್ಲಿ ಹೊಳೆಯ ಬಳಿ ನಿಂತರೆ ಎದುರು ದಡದಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಬೈರಕುಪ್ಪೆ ಕಾಣುತ್ತದೆ. ನಡುವೆ ಹರಿಯುವುದು ಕಬಿನಿ. ಕೇರಳದ ೪೪ ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ. ಅವುಗಳಲ್ಲಿ ಇದೂ ಒಂದು. ಇದೇ ನೀರು ಮುಂದೆ ಬೀಚನಹಳ್ಳಿಯ ಅಣೆಕಟ್ಟನ್ನು ತುಂಬಿ, ನಂಜನಗೂಡನ್ನು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆದ್ದರಿಂದ ವಯನಾಡಿನ ಬೆಟ್ಟದ ಮೇಲೆ ಮಳೆ ಕೆಟ್ಟರೆ ಆ ದಡದ ಮೆಣಸೂ ಈ ದಡದ ಭತ್ತವೂ ಒಟ್ಟಿಗೇ ಕೆಡುತ್ತವೆ.

ಮಳೆ ಏಕೆ ಕೆಟ್ಟಿತು ಎಂದು ಕೇಳಿದರೆ, "ಜನ ಹೆಚ್ಚಾದರು, ಅದಕ್ಕೇ" ಎಂಬ ಮಾತು ಸಂತೆಯಲ್ಲೂ ಮನೆಯ ಜಗಲಿಯಲ್ಲೂ ಕೇಳಿಬರುತ್ತದೆ. ಈ ಮಾತು ಎಷ್ಟು ನಿಜ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮಳೆಗೆ ಏನಾಗಿದೆ?

೨೦೧೮ರ ಆಗಸ್ಟ್‌ನಲ್ಲಿ ವಯನಾಡಿನಲ್ಲಿ ಪ್ರವಾಹ ಬಂದಿತು. ಕೆಲವೇ ವಾರಗಳಲ್ಲಿ ಹೊಳೆಗಳ ನೀರು ತಳ ಕಂಡಿತು. ಮಣ್ಣು ಒಣಗಿ ಎರೆಹುಳುಗಳು ರಾಶಿರಾಶಿಯಾಗಿ ಸತ್ತವು. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ೨೦೨೪ರ ಬೇಸಿಗೆಯಲ್ಲಿ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಕಡೆ ಮೆಣಸಿನ ಬಳ್ಳಿಗಳು ಒಣಗಿದವು. ಅದೇ ವರ್ಷ ಜುಲೈ ೩೦ರಂದು ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಬರ ಮತ್ತು ನೆರೆ ಎರಡೂ ಒಂದೇ ಕಡೆ ಬರುವುದಕ್ಕೆ ಕಾರಣವಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ ೭ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬಿಸಿಲಿನ ದಿನಗಳಲ್ಲಿ ನೆಲದ ತೇವವನ್ನು ಹೆಚ್ಚು ಹೀರುತ್ತದೆ. ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಚೂರಲ್‌ಮಲದ ಆ ದಿನದ ಮಳೆ ಭೂಮಿ ಬಿಸಿಯಾದುದರಿಂದ ಸುಮಾರು ಶೇಕಡಾ ೧೦ರಷ್ಟು ಹೆಚ್ಚಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ತಲೆಯ ಲೆಕ್ಕ, ಹೊಗೆಯ ಲೆಕ್ಕ

೧೯೫೦ರಲ್ಲಿ ಜಗತ್ತಿನ ಜನ ಸುಮಾರು ೨೫೦ ಕೋಟಿ. ೨೦೨೨ರ ನವೆಂಬರ್‌ನಲ್ಲಿ ೮೦೦ ಕೋಟಿಯಾದರು. ಜನ ಹೆಚ್ಚಿದರೆ ನೆಲಕ್ಕೆ ಭಾರ ಎಂಬುದು ಸುಳ್ಳಲ್ಲ. ೧೯೪೦ರ ದಶಕದಿಂದ ತಿರುವಾಂಕೂರಿನ ಕಡೆಯಿಂದ ಬಂದ ರೈತರು ನೆಲೆಸಿದಂತೆ ವಯನಾಡಿನ ಕಾಡು ಕರಗಿ ತೋಟವಾಯಿತು. ಆದರೆ ೨೦೦೧ರಲ್ಲಿ ೭ ಲಕ್ಷ ೮೦ ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ ೨೦೧೧ರಲ್ಲಿ ೮ ಲಕ್ಷ ೧೭ ಸಾವಿರವಾಯಿತು. ಹತ್ತು ವರ್ಷಗಳಲ್ಲಿ ಶೇಕಡಾ ಐದೂ ಹೆಚ್ಚಲಿಲ್ಲ. ಕೇರಳ, ಕರ್ನಾಟಕಗಳೆರಡರಲ್ಲೂ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಹಾಗಾದರೆ ಹವೆಯನ್ನು ಬಿಸಿ ಮಾಡಿದವರು ಯಾರು?

ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಉರಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ೨೮೦ ಭಾಗವಿತ್ತು. ಈಗ ೪೨೦ನ್ನು ಮೀರಿದೆ. ಇದು ಸೂರ್ಯನ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತದೆ. ವರ್ಷಕ್ಕೆ ಒಬ್ಬ ಭಾರತೀಯನ ಪಾಲಿನ ಹೊಗೆ ಸುಮಾರು ೨ ಟನ್. ಒಬ್ಬ ಅಮೆರಿಕನ್ನನದು ಸುಮಾರು ೧೪ ಟನ್. ಏಳು ಜನರ ಹೊಗೆಯನ್ನು ಒಬ್ಬನೇ ಬಿಡುವಾಗ ಬರಿಯ ತಲೆಗಳನ್ನು ಎಣಿಸುವುದು ನ್ಯಾಯವಲ್ಲ. ಇದೇ ಮಾತು ನಮ್ಮೊಳಗೂ ಸಲ್ಲುತ್ತದೆ. ಎರಡು ಕಾರು, ನಾಲ್ಕು ಎ.ಸಿ. ಇರುವ ಮನೆಯೂ, ಎರಡು ಬಲ್ಬು ಉರಿಯುವ ಕೂಲಿಯವರ ಮನೆಯೂ ಒಂದೇ ಅಲ್ಲ.

ಪೇಟೆಯ ಲೆಕ್ಕ

ವ್ಯಾಪಾರಿ ಬಂಧುಗಳು ಇದನ್ನು ದರದಲ್ಲೇ ಕಂಡಿದ್ದಾರೆ. ವಿಯೆಟ್ನಾಂ ಮೆಣಸು ಜಗತ್ತಿನ ಪೇಟೆಗೆ ಬಂದು ಸುರಿದಾಗ, ೨೦೦೦ದ ನಂತರದ ವರ್ಷಗಳಲ್ಲಿ, ವಯನಾಡಿನ ಮೆಣಸಿನ ಬೆಲೆ ನೆಲ ಕಚ್ಚಿತು. ಸೊರಗು ರೋಗ ಬಳ್ಳಿಯನ್ನು ತಿಂದಿತು. ಬಳ್ಳಿಗೆ ಆಸರೆಯಾದ ಹಾಲುವಾಣದ ಮರಗಳು ಕೀಟಕ್ಕೆ ತುತ್ತಾದವು. ೨೦೨೪ರಲ್ಲಿ ವಿಯೆಟ್ನಾಂಗೆ ಬರ ತಗಲಿತು. ಇಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಸಂತೋಷವೇ. ಆದರೆ ಆ ರೈತನ ಹೊಲ ಒಣಗಿದ್ದರಿಂದ ನಮಗೆ ಬಂದ ಬೆಲೆ ಅದು. ಮುಂದಿನ ಸಲ ಒಣಗುವುದು ನಮ್ಮ ತೋಟವಾಗಬಹುದು.

ಕೊಳವೆಬಾವಿಯ ಲೆಕ್ಕ

ಕರ್ನಾಟಕದಲ್ಲಿ ೧೦ ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಆದರೆ ನೂರು ಅಡಿಯಿಂದ ಎತ್ತುತ್ತಿದ್ದ ನೀರನ್ನು ನಾನೂರು ಅಡಿಯಿಂದ ಎತ್ತಬೇಕಾದರೆ ನಾಲ್ಕು ಪಟ್ಟು ವಿದ್ಯುತ್ ಬೇಕು. ರಾಯಚೂರಿನಂಥ ಸ್ಥಾವರದಲ್ಲಿ ಅಷ್ಟು ಹೆಚ್ಚು ಕಲ್ಲಿದ್ದಲು ಉರಿಯಬೇಕು. ಹೊಗೆ ಹೆಚ್ಚಿ, ಮಳೆ ಕೆಟ್ಟು, ಬಾವಿ ಇನ್ನೂ ಆಳಕ್ಕೆ ಹೋಗುತ್ತದೆ. ಸೌರ ಪಂಪು ಕಲ್ಲಿದ್ದಲನ್ನು ಉಳಿಸುತ್ತದೆ. ನೀರನ್ನು ಉಳಿಸುವವರು ನಾವೇ.

ನಾವು ಮಾಡಬಹುದಾದದ್ದು

೧. ತೋಟದ ನೆರಳಿನ ಮರಗಳನ್ನು ಒಂದು ವರ್ಷದ ಹಣಕ್ಕಾಗಿ ಕಡಿಯದಿರುವುದು. ಬುಡಕ್ಕೆ ತರಗೆಲೆಯ ಹೊದಿಕೆ ಹಾಕುವುದು.

೨. ಮಳೆಗಾಲದಲ್ಲಿ ಮೆಣಸಿನ ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಮಾಡುವುದು. ಹರಿದ ನೀರನ್ನು ಕೆಳಗಿನ ಹೊಂಡದಲ್ಲಿ ಇಂಗಿಸುವುದು.

೩. ಹೊಸ ಕೊಳವೆಬಾವಿಗೆ ಮೊದಲು ಹಳೆಯ ಕೆರೆ, ತೆರೆದ ಬಾವಿಗಳ ಹೂಳೆತ್ತುವುದು. ಹನಿ ನೀರಾವರಿ ಅಳವಡಿಸುವುದು.

೪. ಗೇಣಿ ಭೂಮಿಯಲ್ಲಿ ಶುಂಠಿ ಬೆಳೆಯುವವರೂ ಭೂಮಿ ಕೊಡುವವರೂ ಬೆಳೆ ತೆಗೆದ ಮೇಲೆ ಆ ಮಣ್ಣಿನ ಗತಿ ಏನೆಂದು ಮೊದಲೇ ಮಾತಾಡಿಕೊಳ್ಳುವುದು.

೫. ಮದುವೆ, ಜಾತ್ರೆಗಳಲ್ಲಿ ಅನ್ನ ಚೆಲ್ಲದಿರುವುದು. ಚೆಲ್ಲಿದ ಪ್ರತಿ ತುತ್ತಿನಲ್ಲಿ ಹೊಳೆಯ ನೀರಿದೆ, ಪಂಪಿನ ಕರೆಂಟಿದೆ, ಲಾರಿಯ ಡೀಸೆಲ್ಲಿದೆ. ದಾಸೋಹವೆಂದರೆ ಹಂಚಿ ಉಣ್ಣುವುದು. ಹುಟ್ಟದ ಮಕ್ಕಳ ಪಾಲನ್ನೂ ಅದರಲ್ಲಿ ಎಣಿಸಬೇಕು.

ಅಮೆರಿಕದ ಹೊಗೆಯನ್ನು ನಾವು ಇಲ್ಲಿ ಕುಳಿತು ನಿಲ್ಲಿಸಲಾರೆವು. ದೊಡ್ಡ ಹೊಣೆ ದೊಡ್ಡ ದೇಶಗಳದೇ. ಆದರೆ ಬೀಳುವ ಮಳೆಯನ್ನು ಮಣ್ಣಿನಲ್ಲಿ ಹಿಡಿಯುವ ಕೆಲಸವನ್ನು ಬೇರೆ ಯಾರೂ ಬಂದು ಮಾಡುವುದಿಲ್ಲ. ಅದು ನಮ್ಮ ಕಾಯಕ.

ಚಿಂತನೆಗೆ

• ನಮ್ಮ ಊರಿನ ಬಾವಿಯ ನೀರು ಇಪ್ಪತ್ತು ವರ್ಷದ ಹಿಂದೆ ಎಷ್ಟು ಅಡಿಯಲ್ಲಿತ್ತು? ಇಂದು ಎಷ್ಟರಲ್ಲಿದೆ?

• ನಮ್ಮ ಮನೆಯ ಕರೆಂಟು, ಡೀಸೆಲ್ ಖರ್ಚಿನಲ್ಲಿ ಅಗತ್ಯದ್ದೆಷ್ಟು, ಆಡಂಬರದ್ದೆಷ್ಟು?

• ಹೊಳೆಯ ಆಚೆ ದಡದವರೊಡನೆ ಕೂಡಿ ಮಾಡಬಹುದಾದ ಒಂದು ಕೆಲಸ ಯಾವುದು?