ಕಥೆಗಳಲ್ಲಿ ಎಡ-ಬಲ

ಕನ್ನಡದಲ್ಲಿ ‘ಬಲ’ವೆಂದರೆ ಬಲಗಡೆಯೂ ಹೌದು, ಶಕ್ತಿಯೂ ಹೌದು. ಲ್ಯಾಟಿನ್ನಿನಲ್ಲಿ ‘ಎಡ’ ಎಂಬರ್ಥದ ‘ಸಿನಿಸ್ಟರ್’ ಪದವು ಇಂಗ್ಲಿಷಿನಲ್ಲಿ ಕೇಡನ್ನು ಸೂಚಿಸುತ್ತದೆ. ಮತ್ತಾಯನ ಸುವಾರ್ತೆಯ ತೀರ್ಪಿನ ದೃಶ್ಯದಲ್ಲಿ ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ; ಬಲದವರಿಗೆ ದೇವರಾಜ್ಯ, ಎಡದವರಿಗೆ ನಿತ್ಯಾಗ್ನಿ. ಇಷ್ಟರಿಂದಲೇ ಬಲವೆಲ್ಲ ಒಳಿತು, ಎಡವೆಲ್ಲ ಕೆಡುಕು ಎಂದು ನಿರ್ಣಯಿಸಬಹುದೇ? ನಮ್ಮ ಕಾವ್ಯಗಳು ಹಾಗೆ ಹೇಳುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಕಾಳಿದಾಸನ ಶಾಕುಂತಲವನ್ನು ನೋಡೋಣ. ಮೊದಲನೆಯ ಅಂಕದಲ್ಲಿ ಆಶ್ರಮವನ್ನು ಹೊಗುವ ದುಷ್ಯಂತನ ಬಲದೋಳು ಅದುರುತ್ತದೆ. ಅವನು ಶಕುಂತಲೆಯನ್ನು ಕಾಣುತ್ತಾನೆ. ಐದನೆಯ ಅಂಕದಲ್ಲಿ ಅವನ ಅರಮನೆಗೆ ಬಂದ ಶಕುಂತಲೆಯ ಬಲಗಣ್ಣು ಅದುರುತ್ತದೆ. ಗಂಡನೇ ಅವಳನ್ನು ಅರಿಯೆನೆನ್ನುತ್ತಾನೆ. ಬಲವೊಂದೇ, ಫಲ ಬೇರೆ. ಸ್ತ್ರೀಯರಿಗೆ ಎಡವೇ ಶುಭವೆಂಬುದು ಶಕುನದ ನಂಬಿಕೆ. ವಾಲ್ಮೀಕಿಯ ಸುಂದರಕಾಂಡದಲ್ಲಿ ಪ್ರಾಣವನ್ನೇ ಬಿಡಲೆಣಿಸಿದ ಸೀತೆಗೆ ಎಡಗಣ್ಣು, ಎಡದೋಳು, ಎಡದೊಡೆ ಅದುರುತ್ತವೆ. ಬಳಿಕವೇ ಮರದ ಮೇಲಿಂದ ಹನುಮಂತನು ನುಡಿಯುವ ರಾಮಕಥೆ ಅವಳ ಕಿವಿಗೆ ಬೀಳುತ್ತದೆ.

ಅರ್ಧನಾರೀಶ್ವರನ ಎಡಭಾಗ ಪಾರ್ವತಿಯದು. ಎಡಗೈಯಿಂದಲೂ ಬಾಣ ಬಿಡಬಲ್ಲ ಅರ್ಜುನನಿಗೆ ‘ಸವ್ಯಸಾಚಿ’ ಎಂಬುದು ಬಿರುದೇ ಹೊರತು ನಿಂದೆಯಲ್ಲ.

ಆದುದರಿಂದ ಎಡ-ಬಲಗಳು ಕಥೆಗಾರನ ಕೈಯ ಸಂಕೇತಗಳು, ಸೃಷ್ಟಿಯ ಶಾಸನಗಳಲ್ಲ. ಎಡಗೈಯಲ್ಲಿ ಬಳಪ ಹಿಡಿದ ಮಗುವಿಗೆ ಪೆಟ್ಟು ಕೊಡುವ ಮೊದಲು ಹಿರಿಯರು ಆ ಸವ್ಯಸಾಚಿಯನ್ನು ಸ್ಮರಿಸಿದರೆ ಸಾಕು.