ಚಿತ್ರಫಲಕದ ಗೆಳೆಯರ ಆಟೋ ಖರ್ಚು ಯಾರು ಕೊಡಬೇಕು?

ಮಗಳು ಚಿತ್ರಫಲಕ ತೋರಿಸಿ ಮಾತಾಡುತ್ತಾಳೆ, ಅವಳಂಥವರನ್ನು ತಿಂಗಳಿಗೊಮ್ಮೆ ಸೇರಿಸಬೇಕು ಎಂದಿದ್ದೀರಿ. ಖಂಡಿತ ಮಾಡಿ. ಟ್ಯಾಬ್ ಕೊಡಿಸಲು ದಾನಿಗಳು ಸಿಗುತ್ತಾರೆ, ಫೋಟೊ ಚೆನ್ನಾಗಿ ಬರುತ್ತದಲ್ಲ! ಆಟೋ ಬಾಡಿಗೆ, ಜೊತೆಗೆ ಬರುವವರ ದಿನಗೂಲಿ ಕೇಳಿದರೆ ಮುಖ ತಿರುಗಿಸುತ್ತಾರೆ. ಹಾಗಾಗಿ ಬಜೆಟ್ಟಿನಲ್ಲಿ ಅವನ್ನೇ ಮೊದಲು ಬರೆಯಿರಿ. ಹೊಸಬರಿಗೆ ಫಲಕ ಬಳಸಲು ಕಲಿಸುವ ಅನುಭವಿ ಬಳಕೆದಾರರಿಗೆ ಗೌರವಧನವನ್ನೂ ಸೇರಿಸಿ. ಥೆರಪಿಸ್ಟರಿಗೆ ಫೀಸು, ಇವರಿಗೆ ಬರೀ ಚಹಾ ಎಂಬುದು ನನಗೆ ಒಪ್ಪಿಗೆಯಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪರ್ಯಾಯ ವಿಧಾನಗಳನ್ನೂ ಸಂವಹನವೆಂದೇ ಪರಿಗಣಿಸುತ್ತದೆ; ನೆರವು ಕೋರುವ ಅರ್ಜಿಯಲ್ಲಿ ಇದನ್ನು ನಮೂದಿಸಿ. ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟು ಅಂಗವಿಕಲರಿಗೆ ಮೀಸಲು. ಅದನ್ನು ಕೇಳಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಕಂಪನಿಗಳ ಹಣಕ್ಕಾದರೆ ಸಿಎಸ್‌ಆರ್ ನೋಂದಣಿಯಿರುವ ಸಂಸ್ಥೆಯೊಂದರ ಜೊತೆ ಸೇರಿಕೊಳ್ಳಿ. ಕರಡನ್ನು ಮಗಳಿಗೆ ತೋರಿಸಿ, ಅವಳು ಒಪ್ಪಿದ ಮೇಲೆಯೇ ಕಳುಹಿಸಿ.